ಗೋಡೆಗೆ ಬಳಿಯುವ ಮಣ್ಣಲ್ಲಿ ಟೊಮೇಟೊ: ಎರಡೂವರೆ ಎಕರೆಯ ಒಂದು ಪ್ರಕರಣ

ಇದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಬೆಟ್ಟದ ಬುಡದ ಊರಿನ ಕಥೆ. ಊರಿನ ಹೆಸರು ಹೇಳುವುದಿಲ್ಲ, ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಹೊಲದ ಯಜಮಾನರನ್ನು ಸುಮ್ನೆ ‘ಅಣ್ಣ’ ಅಂತ ಕರೆಯುತ್ತೇನೆ. ಬರೆಯಲು ಅವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ‘ನನ್ನ ತಪ್ಪು ಬರೆದ್ರೆ ನಿನ್ನ ತಪ್ಪೂ ಬರೀಬೇಕು.’ ಬರೆಯುತ್ತೇನೆ. ನಾನು ಕೆಲವು ವರ್ಷ ಜಲಾನಯನದ ಕೆಲಸದಲ್ಲಿ, ಅಂದರೆ ಮಣ್ಣು, ಮಳೆನೀರು ಉಳಿಸುವ ಕೆಲಸದಲ್ಲಿ, ಹೊಲ ಹೊಲ ಸುತ್ತಿದವನು. ಅಷ್ಟು ಸುತ್ತಿಯೂ ಇಲ್ಲಿ ಎಡವಿದೆ.

ಹೊಲ ಹೇಗಿತ್ತು

ಎರಡೂವರೆ ಎಕರೆ, ಅಂದರೆ ನೂರು ಗುಂಟೆ. ಮೇಲೆ ಬೋಳು ಬಂಡೆಯ ಗುಡ್ಡ, ಕೆಳಗೆ ನಾಲ್ಕೈದು ಹೊಲ ದಾಟಿದರೆ ಊರ ಕೆರೆ. ನೂರು ಅಡಿ ನಡೆದರೆ ಸುಮಾರು ಮೂರು ಅಡಿ ಇಳಿಯುವಷ್ಟು ಇಳಿಜಾರು. ಕೆಮ್ಮಣ್ಣು. ಅಣ್ಣನ ಅಪ್ಪನ ಕಾಲದಲ್ಲಿ ರಾಗಿ, ಅದರ ಮಧ್ಯೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಒಂದಿಷ್ಟು ಹುಚ್ಚೆಳ್ಳು. ನಮ್ಮ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲೂ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಹಾಗಾಗಿ ರಾಗಿ, ಅವರೆಗೆ ಈ ಹೊಲ ಏನೂ ಮೋಸ ಮಾಡಿರಲಿಲ್ಲ.

ಬೋರ್‌ವೆಲ್‌ನಲ್ಲಿ ನೀರು ಸಿಕ್ಕಿತು. ಅಲ್ಲಿಂದ ಶುರು. ನೀರಿದ್ದರೆ ಟೊಮೇಟೊ, ಟೊಮೇಟೊ ಅಂದರೆ ಡ್ರಿಪ್, ಡ್ರಿಪ್ ಅಂದರೆ ಹೊಲ ಮಟ್ಟ ಇರಬೇಕು. ಈ ಕೊನೆಯ ಮಾತನ್ನು ಯಾರು ಹೇಳಿದರು ಅಂತ ಈಗ ಕೇಳಿದರೆ ಅಣ್ಣನಿಗೇ ನೆನಪಿಲ್ಲ. ಅಷ್ಟು ಕಡಿಮೆ ಇಳಿಜಾರಿಗೆ ಡ್ರಿಪ್ ಹಾಕಲು ಹೊಲ ಮಟ್ಟ ಮಾಡುವ ಅಗತ್ಯವೇ ಇರಲಿಲ್ಲ. ಅಡ್ಡಲಾಗಿ ಸಾಲು ಹಿಡಿದಿದ್ದರೆ ಸಾಕಿತ್ತು. ಆದರೆ ಅಕ್ಕಪಕ್ಕದವರೆಲ್ಲ ಮಾಡಿಸಿದ್ದರು, ಮಟ್ಟವಾದ ಹೊಲ ನೋಡೋಕೆ ಚೆಂದ ಕಾಣುತ್ತದೆ ಬೇರೆ.

2019ರ ಬೇಸಿಗೆ, ಮೂರು ದಿನ

ಜೆಸಿಬಿ ಮೂರು ದಿನ ಕೆಲಸ ಮಾಡಿತು. ಹೊಲವನ್ನು ಎರಡು ಮೆಟ್ಟಿಲು ಮಾಡಿದರು. ಪ್ರತಿ ಮೆಟ್ಟಿಲಿನ ಮೇಲಿನ ಅಂಚಿನಲ್ಲಿ ಎರಡೂವರೆ ಅಡಿ ಕಡಿದು, ಆ ಮಣ್ಣನ್ನು ಕೆಳಗಿನ ಅಂಚಿಗೆ ತಳ್ಳಿದರು. ದಾರಿಗೆ ಅಡ್ಡ ಸಿಕ್ಕ ಹಳೇ ಕಲ್ಲುಸಾಲು ಕಿತ್ತು ಹಾಕಿದರು. ಮೇಲುಗಡೆ ಒಂದು ಸಣ್ಣ ಕಾಲುವೆ ಥರದ್ದು ಇತ್ತು, ಅದನ್ನೂ ಮುಚ್ಚಿದರು. ಈ ಕಾಲುವೆ ನೆನಪಿಟ್ಟುಕೊಳ್ಳಿ.

ಮೂರನೇ ದಿನ ಸಂಜೆ ನಾನು ಹೋಗಿ ನೋಡಿದಾಗ ಹೊಲ ಎರಡು ಬಣ್ಣದಲ್ಲಿತ್ತು. ಕೆಳಗೆ ಕೆಂಪು. ಮೇಲಿನ ಅಂಚಿನಲ್ಲಿ ಬಿಳಿ, ಹಳದಿ, ಅಲ್ಲಲ್ಲಿ ತಿಳಿ ಗುಲಾಬಿ. ಅಣ್ಣನ ತಾಯಿ ಅಲ್ಲೇ ನಿಂತಿದ್ದರು, ನಾವು ಅಜ್ಜಿ ಅನ್ನುವವರು. ಎಂಬತ್ತರ ಹತ್ತಿರದ ವಯಸ್ಸು. ಒಂದು ಹಿಡಿ ಎತ್ತಿ ಕೈಯಲ್ಲಿ ಉಜ್ಜಿ ನೋಡಿದರು. ‘ಇದು ಸುದ್ದೆ ಕಣಪ್ಪ. ಗೋಡೆಗೆ ಬಳಿಯೋ ಮಣ್ಣಲ್ಲಿ ಬೆಳೆ ಬರುತ್ತಾ?’ ಅಂದರು. ಅಣ್ಣ ನಕ್ಕರು. ನಿಜ ಹೇಳಬೇಕೆಂದರೆ ನಾನೂ ನಕ್ಕೆ. ಗೊಬ್ಬರ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂದೆ.

ಈ ಸುದ್ದೆ ಏನು ಅಂತ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಇಡೀ ಪ್ರಕರಣ ಇರುವುದು ಇದರಲ್ಲೇ.

ಮೆಟ್ಟಿಲು ಕಡಿದ ಗೋಡೆಯಲ್ಲಿ ಮಣ್ಣಿನ ಪದರಗಳು ಚೆನ್ನಾಗಿ ಕಾಣುತ್ತಿದ್ದವು. ಮೇಲೆ ಒಂದು, ಒಂದೂಕಾಲು ಅಡಿ ಕೆಮ್ಮಣ್ಣು, ಬೇರು, ಎರೆಹುಳದ ತೂತು ಎಲ್ಲ ಅದರಲ್ಲೇ. ಅದರ ಕೆಳಗೆ ಗೇಣುದ್ದ ಗರಸು, ಅಂದರೆ ಸಣ್ಣ ಕಲ್ಲು ತುಂಬಿದ ಮಣ್ಣು. ಅದರ ಕೆಳಗೆ ಸುದ್ದೆ. ವಿಚಿತ್ರ ಅಂದರೆ, ಸುದ್ದೆಯಲ್ಲಿ ಬಂಡೆಯ ಪಟ್ಟೆಗಳು ಹಾಗ್ಹಾಗೇ ಇದ್ದವು. ಗುಡ್ಡದ ಬಂಡೆ ಮೇಲೆ ಕಪ್ಪು ಬಿಳಿ ಗೆರೆ ಹೇಗೆ ಓಡುತ್ತವೋ ಇಲ್ಲೂ ಅದೇ ಗೆರೆ, ಆದರೆ ಬೆರಳಲ್ಲಿ ಒತ್ತಿದರೆ ಪುಡಿ. ಅಂದರೆ ಅದು ಎಲ್ಲಿಂದಲೋ ಬಂದು ಬಿದ್ದ ಮಣ್ಣಲ್ಲ. ನಿಂತ ಜಾಗದಲ್ಲೇ ಕೊಳೆತ ಬಂಡೆ.

ನಮ್ಮ ಸೀಮೆಯ ಬಂಡೆ 250, 300 ಕೋಟಿ ವರ್ಷ ಹಳೆಯದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಹೋದವರು ಅಲ್ಲಿನ ಫಲಕ ಓದಿರುತ್ತೀರಿ. ಇದರಲ್ಲಿ ಮುಖ್ಯವಾಗಿ ಮೂರು ಸಾಮಾನು: ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕಾಗೆಬಂಗಾರ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಬೇರು, ಕೊಳೆತ ಎಲೆ ಸೇರಿದರೆ ಹುಳಿ ಇನ್ನೂ ಜಾಸ್ತಿ. ಈ ನೀರು ಬಂಡೆಯ ಸೀಳಿನಲ್ಲಿ ಇಳಿದು ಫೆಲ್ಡ್‌ಸ್ಪಾರನ್ನು ತಿನ್ನುತ್ತದೆ. ಅದರ ಪೊಟ್ಯಾಶ್, ಸೋಡಿಯಂ ಎಲ್ಲ ನೀರಿನ ಜೊತೆ ಹೋಗಿ, ಬಿಳಿ ಜೇಡಿ ಉಳಿಯುತ್ತದೆ. ಅಜ್ಜಿ ಹಬ್ಬಕ್ಕೆ ಗೋಡೆಗೆ ಬಳಿಯುತ್ತಿದ್ದುದು ಇದನ್ನೇ. ಕಪ್ಪು ಕಾಗೆಬಂಗಾರದಲ್ಲಿ ಕಬ್ಬಿಣ ಇದೆ, ಅದು ತುಕ್ಕು ಹಿಡಿದು ಕೆಂಪಾಗುತ್ತದೆ. ನಮ್ಮ ಕೆಮ್ಮಣ್ಣಿನ ಕೆಂಪು ಅಂದರೆ ಹೀಗೆ ಬಂಡೆಯಿಂದ ಬಂದ ತುಕ್ಕು. ಬೆಣಚುಕಲ್ಲು ಮಾತ್ರ ಯಾವುದಕ್ಕೂ ಜಗ್ಗುವುದಿಲ್ಲ, ಮರಳಾಗಿ ಉಳಿಯುತ್ತದೆ.

ಗುಡ್ಡದ ಮೇಲೆ ಇದೇ ಕೆಲಸ ಇನ್ನೊಂದು ಥರ ನಡೆಯುತ್ತದೆ. ಬಂಡೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಬಿಡುತ್ತದೆ. ಕಲ್ಲು ಕೆಲಸದವರು ಬಂಡೆ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವುದು ನೋಡಿದ್ದೀರಲ್ವಾ? ಕಾದ ಮೇಲ್ಪದರ ಹಿಗ್ಗಿ ಕೆಳಗಿನದನ್ನು ಬಿಟ್ಟು ಏಳುತ್ತದೆ. ಬಿಸಿಲು, ಮಳೆ, ಸೀಳಿನಲ್ಲಿ ಇಳಿದ ಆಲದ ಬೇರು, ಬಂಡೆಗೆ ಅಂಟಿದ ಕಲ್ಲುಹೂವು ಎಲ್ಲ ಸೇರಿ ಮಾಡುವುದೂ ಬಂಡೆಯನ್ನು ಒಡೆಯುವ ಕೆಲಸವನ್ನೇ. ಅವಕ್ಕೆ ಆತುರ ಇಲ್ಲ, ಅಷ್ಟೇ.

ಹಾಗಾದರೆ ಸುದ್ದೆ ಅರ್ಧ ದಾರಿಯಲ್ಲಿರುವ ಮಣ್ಣು. ಬಂಡೆತನ ಹೋಗಿದೆ, ಮಣ್ಣುತನ ಬಂದಿಲ್ಲ. ಅದರಲ್ಲಿ ಕೊಳೆತ ಬೇರಿಲ್ಲ, ಹುಳವಿಲ್ಲ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಅದು ಪೂರ್ತಿ ಮಣ್ಣಾಗಿ ಒಂದು ಅಂಗುಲ ಆಗಲು ನೂರಾರು ವರ್ಷ ಬೇಕು. ಮೇಲಿನ ಒಂದು ಅಡಿ ಕೆಮ್ಮಣ್ಣಿಗೆ ಎಷ್ಟು ಕಾಲ ಹಿಡಿದಿರಬೇಕು, ನೀವೇ ಗುಣಿಸಿಕೊಳ್ಳಿ. ಜೆಸಿಬಿ ಅದನ್ನು ಮೂರು ದಿನದಲ್ಲಿ ತಲೆಕೆಳಗು ಮಾಡಿತ್ತು. ಮೊದಲು ಕೆರೆದ ಒಳ್ಳೆ ಮಣ್ಣು ಕೆಳಗೆ ಹೋಗಿ ಬಿತ್ತು, ಆಮೇಲೆ ಕೆರೆದ ಸುದ್ದೆ ಅದರ ಮೇಲೆ ಬಿತ್ತು.

ಮಾಡಿದ ಪ್ರಯತ್ನಗಳು

ಮೊದಲ ವರ್ಷ ಟೊಮೇಟೊ ನಾಟಿಯಾಯಿತು. ಮೇಲಿನ ಅಂಚುಗಳಲ್ಲಿ, ಒಟ್ಟು ಇಪ್ಪತ್ತೈದು ಗುಂಟೆಯಷ್ಟು ಜಾಗದಲ್ಲಿ, ಸಸಿ ಗೇಣುದ್ದಕ್ಕೆ ನಿಂತುಬಿಟ್ಟಿತು. ಎಲೆ ಹಳದಿ. ಮಳೆ ಬಿದ್ದ ಮಾರನೇ ದಿನ ನೆಲ ಪಾತ್ರೆಯ ತಳದ ಹಾಗೆ ಹೆಪ್ಪುಗಟ್ಟುತ್ತಿತ್ತು. ಡ್ರಿಪ್‌ನಲ್ಲಿ ಗೊಬ್ಬರ ಜಾಸ್ತಿ ಬಿಟ್ಟರು. ಅದೂ ಉಪಯೋಗ ಆಗಲಿಲ್ಲ. ಹಿಡಿದಿಟ್ಟುಕೊಳ್ಳುವ ಮಣ್ಣೇ ಇಲ್ಲದ ಮೇಲೆ ಗೊಬ್ಬರ ಬೇರಿಗೆ ಸಿಗುವ ಮೊದಲೇ ಇಳಿದು ಹೋಗುತ್ತದೆ. 2020ರಲ್ಲೂ ಇದೇ ಆಟ. ಮಣ್ಣು ಪರೀಕ್ಷೆ ಮಾಡಿಸಿದಾಗ ಸಾವಯವ ಇಂಗಾಲದ (ಕೊಳೆತ ಬೇರು, ಎಲೆಯಿಂದ ಮಣ್ಣಿಗೆ ಸೇರುವ ಇಂಗಾಲ) ಅಂಕಿ ನೋಡಿ ನಾನೇ ಸುಮ್ಮನಾದೆ. ಶೇ. 0.5ಕ್ಕಿಂತ ಕಮ್ಮಿ ಇದ್ದರೆ ‘ಕಡಿಮೆ’ ಅಂತ ಬರೆಯುತ್ತಾರೆ. ಮೇಲಿನ ಅಂಚಿನದ್ದು ಅದರ ಅರ್ಧವೂ ಇರಲಿಲ್ಲ.

ಈ ನಡುವೆ ಅಣ್ಣನ ಮಗಳು, ಆಗ ಎಂಟನೇ ಕ್ಲಾಸು, ಎರಡು ತೆಂಗಿನ ಚಿಪ್ಪಿನಲ್ಲಿ ಕೆಮ್ಮಣ್ಣು ಒಂದು, ಸುದ್ದೆ ಒಂದು ತುಂಬಿ ರಾಗಿ ಹಾಕಿದಳು. ಎರಡಕ್ಕೂ ಅಷ್ಟಷ್ಟೇ ನೀರು. ಎರಡೂ ಮೊಳೆತವು. ಮೂರು ವಾರದ ಹೊತ್ತಿಗೆ ಸುದ್ದೆಯ ಪೈರು ದಾರದ ಹಾಗಿತ್ತು. ಎರಡು ವರ್ಷ ನಾವು ದುಡ್ಡು ಸುರಿದು ಕಂಡುಕೊಂಡದ್ದನ್ನು ಅವಳು ಎರಡು ಚಿಪ್ಪಿನಲ್ಲಿ ತೋರಿಸಿದಳು. ಯಾರಾದರೂ ಜೆಸಿಬಿ ಕರೆಸುವ ಮುಂಚೆ ಮೂರಡಿ ಗುಂಡಿ ತೆಗೆದು, ತಳದ ಮಣ್ಣಿನಲ್ಲಿ ಇಷ್ಟು ಮಾಡಿ ನೋಡಿದರೆ ಸಾಕು.

2021ರ ಬೇಸಿಗೆಯಲ್ಲಿ ಕೆರೆ ಗೋಡು, ಅಂದರೆ ಕೆರೆಯ ತಳದ ಹೂಳು, ಹೊಲಕ್ಕೆ ಹೊಡೆಸಲು ತೀರ್ಮಾನ ಆಯಿತು. ಒಳ್ಳೆ ತೀರ್ಮಾನವೇ. ಅರವತ್ತು ಲೋಡ್ ಗೋಡು. ಇಪ್ಪತ್ತೈದು ಗುಂಟೆಗೆ ಹರಡಿದರೆ ಎರಡು ಅಂಗುಲಕ್ಕಿಂತ ಸ್ವಲ್ಪ ಜಾಸ್ತಿ ಬಂತು. ಈ ಗೋಡು ಮೂಲದಲ್ಲಿ ಯಾರದ್ದು? ಮೇಲಿನ ಹೊಲಗಳದ್ದೇ. ಒಂದು ಎಕರೆಯಿಂದ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋಯಿತು ಅಂದರೆ ಸುಮಾರು ಆರು ಟನ್, ಎರಡು ಟ್ರಾಕ್ಟರ್ ಲೋಡ್. ದೇಶದ ಸರಾಸರಿ ಅಂತ ಹೇಳುವ ಲೆಕ್ಕ ಹೆಕ್ಟೇರಿಗೆ ವರ್ಷಕ್ಕೆ 16 ಟನ್ ಚಿಲ್ಲರೆ, ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ, ಹಾಗಾಗಿ ಎಕರೆಗೆ ಅದೂ ಹೆಚ್ಚುಕಮ್ಮಿ ಇಷ್ಟೇ ಆಗುತ್ತದೆ. ಒಂದು ಮಿಲಿಮೀಟರ್ ಹೋದರೆ ಕಣ್ಣಿಗೆ ಕಾಣುವುದೇ ಇಲ್ಲ. ಕೆರೆಯಲ್ಲಿ ತುಂಬಿದಾಗ ಮಾತ್ರ ಕಾಣುತ್ತದೆ.

ನನ್ನ ತಪ್ಪು

ಗೋಡು ಹೊಡೆಸಿದ ಮೇಲೆ ಅದನ್ನು ಉಳಿಸಿಕೊಳ್ಳಬೇಕಲ್ಲ. ಬದು ಹಾಕಿಸಿ ಅಂತ ಹೇಳಿದ್ದು ನಾನು. ಉದ್ಯೋಗ ಖಾತ್ರಿಯಲ್ಲಿ ಕಂದಕ ಬದು, ಅಂದರೆ ಕಂದಕ ತೋಡಿ ಅದರ ಮಣ್ಣಿನಲ್ಲೇ ಏರಿಸುವ ಬದು, ಮಾಡಿಸಿದೆವು. ಗುರುತು ಹಾಕಿದ್ದು ನಾನು. ಹಾಕಿದ್ದು ಹೊಲದ ಗಡಿಯ ಉದ್ದಕ್ಕೆ, ಒಂದೇ ಎತ್ತರದಲ್ಲಿ ಸಾಗುವ ಸಮಮಟ್ಟದ ಗೆರೆಯಲ್ಲಿ ಅಲ್ಲ. ಮಟ್ಟದ ಗೆರೆ ಹಿಡಿದರೆ ಹೊಲದ ಮಧ್ಯೆ ಬಾಗಿ ಬಾಗಿ ಹೋಗುತ್ತದೆ, ಟ್ರಾಕ್ಟರಿಗೆ ತೊಂದರೆ, ಅಣ್ಣನಿಗೂ ಇಷ್ಟ ಇರಲಿಲ್ಲ. ಗೊತ್ತಿದ್ದೂ ಒಪ್ಪಿಕೊಂಡೆ.

ಅದಕ್ಕಿಂತ ದೊಡ್ಡದು, ಕೋಡಿ ಬಿಡಲಿಲ್ಲ. ಕೆರೆಗೆ ಕೋಡಿ ಇರುವ ಹಾಗೆ ಬದುವಿಗೂ ಜಾಸ್ತಿಯಾದ ನೀರು ಹೊರಗೆ ಹೋಗಲು ಕಲ್ಲು ಕಟ್ಟಿದ ಬಾಯಿ ಬೇಕು. ಅದನ್ನು ಬೇರೆಯವರಿಗೆ ನೂರು ಸಲ ಹೇಳಿದ್ದೇನೆ. ಇಲ್ಲಿ ಮಾತ್ರ ಆಸೆ ಬಿತ್ತು. ಒಂದು ಹನಿಯೂ ಆಚೆ ಹೋಗಬಾರದು, ಎಲ್ಲ ಇಲ್ಲೇ ಇಂಗಲಿ ಅಂತ. ನಮ್ಮ ಬರದ ಸೀಮೆಯವರಿಗೆ ಈ ಆಸೆ ರಕ್ತದಲ್ಲೇ ಇದೆ ಅನಿಸುತ್ತದೆ.

2021ರ ನವೆಂಬರ್ ಮಳೆ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಮರೆಯುವಂಥದ್ದಲ್ಲ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದವು, ಊರೂರಲ್ಲಿ ಬಾಗಿನ ಕೊಟ್ಟರು. ಒಂದು ಎಕರೆ ಮೇಲೆ ಒಂದು ಅಂಗುಲ ಮಳೆ ಅಂದರೆ ಒಂದು ಲಕ್ಷ ಲೀಟರ್. ನಮ್ಮ ಹೊಲದ ಮೇಲುಗಡೆ ಐದಾರು ಎಕರೆ ಬರೀ ಬಂಡೆ, ಅದು ಕುಡಿಯುವುದಿಲ್ಲ, ಬಿದ್ದಿದ್ದನ್ನೆಲ್ಲ ಕೆಳಗೆ ತಳ್ಳುತ್ತದೆ. ಮೊದಲು ಆ ನೀರು ಹಳೇ ಕಾಲುವೆ ಹಿಡಿದು ಪಕ್ಕದ ಹಳ್ಳಕ್ಕೆ ಹೋಗುತ್ತಿತ್ತು. ಆ ಕಾಲುವೆ ಈಗ ಇರಲಿಲ್ಲವಲ್ಲ. ನೇರ ಹೊಲಕ್ಕೆ ಇಳಿದು, ನಾನು ಹಾಕಿಸಿದ ಬದುವಿಗೆ ಒರಗಿ ನಿಂತು, ರಾತ್ರಿ ಯಾವುದೋ ಹೊತ್ತಿನಲ್ಲಿ ತಗ್ಗಿನ ಮೂಲೆಯಲ್ಲಿ ಬದು ಒಡೆಯಿತು. ತಡೆದಿಟ್ಟ ನೀರು ಒಂದೇ ಸಲ ನುಗ್ಗಿದರೆ ತಡೆಯದೇ ಬಿಟ್ಟ ನೀರಿಗಿಂತ ಕೆಟ್ಟದ್ದು. ಬೆಳಿಗ್ಗೆ ನೋಡಿದರೆ ಮೇಲಿನ ಮೆಟ್ಟಿಲಿನಿಂದ ಕೆಳಗಿನ ಗಡಿಯವರೆಗೆ ಮೊಣಕಾಲುದ್ದ ಕೊರಕಲು. ಗೋಡಿನಲ್ಲಿ ಮುಕ್ಕಾಲು ಪಾಲು ಇಲ್ಲ. ಕೆರೆಯಿಂದ ಕಾಸು ಕೊಟ್ಟು ತಂದಿದ್ದು ಕೆರೆಗೇ ವಾಪಸ್ಸು, ಬಾಡಿಗೆ ಇಲ್ಲದೆ.

ಕೆಳಗಿನ ಹೊಲದವರ ರಾಗಿ ಮೇಲೂ ಒಂದಡಿ ಮಣ್ಣು ಕೂತಿತ್ತು. ಕೊಯ್ಲಿಗೆ ಬಂದಿದ್ದ ರಾಗಿ. ಅವರಿಗೂ ಅಣ್ಣನಿಗೂ ಆರು ತಿಂಗಳು ಮಾತಿರಲಿಲ್ಲ. ಬದು ಹಾಕಿಸಿದವನು ನಾನು, ಬೈಗುಳ ತಿಂದವರು ಅಣ್ಣ.

ಅಜ್ಜಿ ಹೇಳಿದ್ದು

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಜ್ಜಿ ಕೋಲು ಹಿಡಿದುಕೊಂಡು ನಮ್ಮ ಜೊತೆ ಹೊಲಕ್ಕೆ ಬಂದರು. ಯಾರೂ ಕರೆದಿರಲಿಲ್ಲ. ಮೇಲಿನ ಗಡಿಯಲ್ಲಿ ನಿಂತು ಕೋಲಿನಿಂದ ಗೆರೆ ಎಳೆದರು. ‘ಇಲ್ಲಿಂದ ಇಲ್ಲಿಗೆ ಕಾಲುವೆ ಇತ್ತು. ನಮ್ಮ ಮಾವ ತೋಡಿದ್ದು. ಪ್ರತಿ ವರ್ಷ ಯುಗಾದಿ ಆದ್ಮೇಲೆ ಹೂಳು ಎತ್ತಬೇಕಿತ್ತು, ನಾನೂ ಎತ್ತಿದ್ದೀನಿ. ಗುಡ್ಡದ ನೀರು ನಮ್ಮ ಹೊಲಕ್ಕೆ ಬರಕೂಡದು, ನಮ್ಮ ಹೊಲದ ನೀರು ಆಚೆ ಹೋಗಕೂಡದು ಅನ್ನೋರು ಮಾವ.’

ಗುಡ್ಡದ ನೀರು ಬೇರೆ, ಹೊಲದ ನೀರು ಬೇರೆ. ನಾನು ಎರಡನ್ನೂ ಒಂದೇ ಬದುವಿನಲ್ಲಿ ಹಿಡಿಯಲು ಹೋಗಿದ್ದೆ.

ಅಲ್ಲಿಂದ ಕೆಲಸದ ಕ್ರಮ ಬದಲಾಯಿತು. ಮೊದಲು ಬದು ಅಲ್ಲ, ಮೊದಲು ಕಾಲುವೆ. ಅಜ್ಜಿ ತೋರಿಸಿದ ಗೆರೆಯಲ್ಲೇ ತೋಡಿದೆವು, ಹಳೇ ಕಲ್ಲುಗಳು ಇನ್ನೂ ಒಳಗೇ ಸಿಕ್ಕವು. ಆಮೇಲೆ ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪ್ ತಂದು, ಅದರಲ್ಲೇ ಸಮಮಟ್ಟದ ಗೆರೆ ಗುರುತಿಸಿದೆವು. ಅಣ್ಣ ಒಂದು ತುದಿ ಹಿಡಿದರು, ಮಗಳು ಇನ್ನೊಂದು. ಬದು ಬಾಗಿಯೇ ಹೋಯಿತು, ಟ್ರಾಕ್ಟರಿಗೆ ತೊಂದರೆಯೂ ಆಯಿತು. ಪ್ರತಿ ಬದುವಿಗೂ ಕಲ್ಲಿನ ಕೋಡಿ ಇಟ್ಟೆವು. ಒಂದರ ನೀರು ಇನ್ನೊಂದಕ್ಕೆ ಇಳಿದು ಕೊನೆಗೆ ಹಳ್ಳ ಸೇರುವ ಹಾಗೆ. ಇದಕ್ಕೆ ಎರಡು ಗುಂಟೆ ಜಾಗ ಹೋಯಿತು. ಕೊರಕಲಿನಲ್ಲಿ ಹತ್ತು ಹತ್ತು ಹೆಜ್ಜೆಗೆ ಒಂದು ಕಲ್ಲು ತಡೆ, ಮಧ್ಯ ತಗ್ಗಾಗಿ, ಎರಡು ಬದಿ ಎತ್ತರವಾಗಿ. ಮಧ್ಯ ಎತ್ತರ ಮಾಡಿದರೆ ನೀರು ಪಕ್ಕದ ದಡ ಕೊರೆಯುತ್ತದೆ, ಇದನ್ನು ತುಂಬಾ ಜನ ತಿರುಗಾಮುರುಗಾ ಕಟ್ಟುತ್ತಾರೆ. ಬದುವಿನ ಮೇಲೆ ನಾಸೆ ಹುಲ್ಲು, ಸ್ವಲ್ಪ ಲಾವಂಚ, ಮಧ್ಯೆ ಮಧ್ಯೆ ಸೊಪ್ಪಿನ ಗೊಬ್ಬರಕ್ಕೆ ಬರುವ ಗ್ಲಿರಿಸಿಡಿಯಾ ಗಿಡ. ಹುಲ್ಲು ಹಸುವಿಗೂ ಆಯಿತು.

ಸುದ್ದೆ ಅಂಚಿನಲ್ಲಿ ಟೊಮೇಟೊ ಆಸೆ ಬಿಟ್ಟರು. ಇದು ಅಣ್ಣನಿಗೆ ಕಷ್ಟದ ತೀರ್ಮಾನ, ಒಂದು ವಾರ ಮಾತೇ ಆಡಲಿಲ್ಲ. ಅಲ್ಲಿ ಹುರುಳಿ ಚೆಲ್ಲಿದರು. ಮುಂದಿನ ಹಂಗಾಮಿಗೆ ಹಸಿರು ಗೊಬ್ಬರಕ್ಕೆ ಅಂತ ಅಪ್ಸೆಣಬು ಬೆಳೆದು ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿದರು. ಬೇಸಿಗೆಯಲ್ಲಿ ಹಿಕ್ಕೆ ಹೊಲಕ್ಕೆ ಬೀಳಲಿ ಅಂತ ಕುರಿ ಮಂದೆ ಹಾಕಿಸಿದರು. ಗುಂಡಿ ತೆಗೆದು ಹೊಂಗೆ, ಸೀತಾಫಲ, ಎರಡು ನೇರಳೆ. ಮಿಕ್ಕ ಹೊಲಕ್ಕೆ ರಾಗಿ ವಾಪಸ್ಸು ಬಂತು, ಮೂರು ಮೂರು ಮೀಟರಿಗೆ ಒಂದು ಖಾಲಿ ಸಾಲು ತೆರೆದು, ಮಳೆ ನೀರು ಅಲ್ಲೇ ನಿಲ್ಲುವ ಹಾಗೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು (ಜಿಕೆವಿಕೆ) ಒಣಬೇಸಾಯಕ್ಕೆ ಹೇಳುವ ಕ್ರಮ ಇದು, ಖರ್ಚಿಲ್ಲ, ನೇಗಿಲು ಒಂದು ಸಲ ಜಾಸ್ತಿ ಹೋಗಬೇಕು ಅಷ್ಟೇ.

ಈಗ ಹೇಗಿದೆ

2022ರಲ್ಲೂ ಜೋರು ಮಳೆ ಆಯಿತು. ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದೆವು. ಕಾಲುವೆಯಲ್ಲಿ ಕೆನ್ನೀರು ಭೋರ್ ಅಂತ ಹರಿಯುತ್ತಿತ್ತು, ಹೊಲದ ಕೋಡಿಗಳಲ್ಲಿ ನೀರು ತೆಳ್ಳಗೆ, ಹೆಚ್ಚುಕಮ್ಮಿ ತಿಳಿಯಾಗಿ ಇಳಿಯುತ್ತಿತ್ತು. ಅಣ್ಣ ಕೋಡಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಟಾರ್ಚಿಗೆ ಹಿಡಿದರು. ಏನೂ ಹೇಳಲಿಲ್ಲ. ಕೊರಕಲಿನ ಕಲ್ಲು ತಡೆಗಳ ಹಿಂದೆ ಆ ವರ್ಷವೇ ಗೇಣುದ್ದ ಹೂಳು ಕೂತಿತು. ಒಂದು ತಡೆ ಮಾತ್ರ ಒಡೆಯಿತು, ಅದನ್ನು ನಾನು ಕಟ್ಟಿದ್ದೆ.

2023 ಬರ. ಸುದ್ದೆ ಅಂಚು ಎಲ್ಲಕ್ಕಿಂತ ಮೊದಲು ಒಣಗಿತು, ಹುರುಳಿ ಬೀಜಕ್ಕಾಗುವಷ್ಟು ಬಂತು. ಮಣ್ಣು ಸರಿಹೋಯಿತು ಅಂತ ಯಾರೂ ಭ್ರಮೆ ಪಡಬಾರದು. ಗುದ್ದಲಿ ಹಾಕಿ ನೋಡಿದರೆ ಮೇಲಿನ ಎರಡು ಬೆರಳು ಮಾತ್ರ ಸ್ವಲ್ಪ ಕಪ್ಪಾಗಿದೆ, ಅದರ ಕೆಳಗೆ ಅದೇ ಬಿಳಿ. ಹೊಂಗೆ ಪರವಾಗಿಲ್ಲ. ಎರಡು ನೇರಳೆಯಲ್ಲಿ ಒಂದು ಹೋಯಿತು.

ಲೆಕ್ಕ ಹಾಕಿದರೆ ಎರಡು ತೀರ್ಮಾನಗಳು ಎಲ್ಲವನ್ನೂ ಬದಲಿಸುತ್ತಿದ್ದವು. ಮಟ್ಟ ಮಾಡಲೇಬೇಕು ಅಂದರೂ ಮೊದಲ ದಿನ ಮೇಲಿನ ಒಂದಡಿ ಕೆಮ್ಮಣ್ಣನ್ನು ಕೆರೆದು ಪಕ್ಕಕ್ಕೆ ಗುಡ್ಡೆ ಹಾಕಿ, ಸುದ್ದೆಯನ್ನು ಮಟ್ಟ ಮಾಡಿ, ಕೊನೆಗೆ ಆ ಕೆಮ್ಮಣ್ಣನ್ನು ಮತ್ತೆ ಹೊದಿಸಬಹುದಿತ್ತು. ಒಂದೆರಡು ದಿನದ ಬಾಡಿಗೆ ಜಾಸ್ತಿ ಆಗುತ್ತಿತ್ತು. ಅರವತ್ತು ಲೋಡ್ ಗೋಡಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟಿದ್ದೇವೆ. ಎರಡನೆಯದು, ಬದು ಗುರುತು ಹಾಕುವ ದಿನ ನಾನು ಗುಡ್ಡ ಹತ್ತಿ ನೀರು ಎಲ್ಲಿಂದ ಬರುತ್ತದೆ ಅಂತ ನೋಡಬೇಕಿತ್ತು. ಬಿಸಿಲಿತ್ತು, ಹತ್ತಲಿಲ್ಲ.

ಕಳೆದ ಬೇಸಿಗೆಯಲ್ಲಿ ಕೆಳಗಿನ ಹೊಲದವರು, ಅದೇ ರಾಗಿ ಕಳೆದುಕೊಂಡವರು, ತಮ್ಮ ಒಂದು ಎಕರೆ ಮಟ್ಟ ಮಾಡಿಸಲು ಜೆಸಿಬಿ ತರಿಸಿದರು. ಬೇಡ ಅಂದೆವು, ಕೇಳಲಿಲ್ಲ. ಆದರೆ ಅಣ್ಣ ಇಡೀ ದಿನ ಅಲ್ಲೇ ನಿಂತು ಮೇಲ್ಮಣ್ಣು ಪಕ್ಕಕ್ಕೆ ಹಾಕಿಸಿದರು. ‘ಒಂದೇ ಕೆಲಸ ಎರಡು ಸಲ ಯಾಕೆ ಸಾರ್’ ಅಂತ ಡ್ರೈವರ್ ಗೊಣಗುತ್ತಲೇ ಇದ್ದ. ಸಂಜೆ ಹೊತ್ತಿಗೆ ಹುಣಸೆ ಮರದ ಕೆಳಗೆ ಕೆಮ್ಮಣ್ಣಿನ ಗುಡ್ಡೆ ಆಳೆತ್ತರ ನಿಂತಿತ್ತು, ರಾತ್ರಿ ಮಳೆ ಬರಬಹುದು ಅಂತ ಇಬ್ಬರೂ ಸೇರಿ ಅದಕ್ಕೆ ಟಾರ್ಪಾಲು ಹೊದಿಸುತ್ತಿದ್ದರು.